ಒಂಟಿ ಕಾಲಿನ ಪ್ಯಾಂಟು

ರಾಯದುರ್ಗದಲ್ಲಿ ಈಗ ಯಾವ ರೋಗಿಯ ಮನೆಗೆ ಹೋದರೂ ನಾನು ಮೊದಲು ನೋಡುವುದು ಆಪರೇಷನ್ನಿನ ಗಾಯವನ್ನಲ್ಲ, ಬಾಗಿಲ ಬಳಿ ಬಿಟ್ಟಿರುವ ಚಪ್ಪಲಿಗಳನ್ನು. ಎರಡನ್ನೂ ಮೆಟ್ಟುತ್ತಿದ್ದಾರೆಯೇ, ಒಂದರ ಮೇಲೆ ಧೂಳು ಕೂತಿದೆಯೇ ಎಂದು ಬಗ್ಗಿ ನೋಡುತ್ತೇನೆ. ಮಂಡಿಗೆ ಕಸರತ್ತು ಮಾಡಿಸಲು ಬಂದ ಫಿಜಿಯೋಥೆರಪಿಸ್ಟ್ ಚಪ್ಪಲಿ ಪರೀಕ್ಷೆ ಮಾಡುತ್ತಾಳೆ ಎಂದು ನಕ್ಕವರೂ ಇದ್ದಾರೆ. ನಗಲಿ. ಹೊಲಿಗೆಯಮ್ಮನ ಮನೆಯಲ್ಲಿ ಧೂಳು ಕೂತ ಆ ಒಂದು ಚಪ್ಪಲಿಯನ್ನು ನಾನು ದಿನವೂ ದಾಟಿಕೊಂಡೇ ಒಳಗೆ ಹೋಗುತ್ತಿದ್ದೆ.

ಹೊಲಿಗೆಯಮ್ಮ ಎಂದು ಓಣಿಯವರೆಲ್ಲ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅರವತ್ತರ ಹತ್ತಿರದ ಹೆಂಗಸು. ಪಡಸಾಲೆಯಲ್ಲೇ ಜೀನ್ಸ್ ಹೊಲಿಯುವ ಮಷೀನುಗಳನ್ನು ಹಾಕಿಕೊಂಡ ಸಂಸಾರ ಅವರದು. ಗಂಡ ಬಟ್ಟೆ ಕತ್ತರಿಸುತ್ತಿದ್ದರು, ಸೊಸೆ ಹೊಲಿಯುತ್ತಿದ್ದಳು, ಮಗ ಸಣ್ಣ ವ್ಯಾನಿನಲ್ಲಿ ಮಾಲು ಹಾಕಿಕೊಂಡು ಬಳ್ಳಾರಿಗೆ ಓಡಾಡುತ್ತಿದ್ದ. ಮದುವೆಯಾಗಿ ಬಂದಾಗಿನಿಂದ ಮಷೀನು ತುಳಿದು ತುಳಿದು ಹೊಲಿಗೆಯಮ್ಮ ಎಡಮಂಡಿಯನ್ನು ಸವೆಸಿಕೊಂಡಿದ್ದರು. ಕೊನೆಗೆ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಸಣ್ಣ ಗಾಯದ ವಿಧಾನದಲ್ಲಿ ಮಂಡಿ ಬದಲಿಸಿದರು.

ಈ ವಿಧಾನದಲ್ಲಿ ತೊಡೆಯ ಮುಂದಿನ ದೊಡ್ಡ ಸ್ನಾಯುವನ್ನು ಕೊಯ್ಯುವುದಿಲ್ಲ, ಪಕ್ಕಕ್ಕೆ ಸರಿಸಿ ಆ ಸಂದಿಯಲ್ಲೇ ಕೆಲಸ ಮುಗಿಸುತ್ತಾರೆ. ನೋವು ಕಡಿಮೆ, ಬೇಗ ಎಬ್ಬಿಸಿ ನಡೆಸುತ್ತಾರೆ, ಬೇಗ ಮನೆಗೆ ಕಳಿಸುತ್ತಾರೆ. ಆದರೆ ಒಳಗೆ ಮೂಳೆಯನ್ನು ಕೊಯ್ದು ಲೋಹ ಕೂರಿಸುವುದು ದೊಡ್ಡ ಗಾಯದವರಿಗೆ ಮಾಡುವಷ್ಟೇ. ಹೊರಗಿನ ಗೆರೆ ಚಿಕ್ಕದಾಗಿದೆ ಎಂದು ಮನೆಯವರ ಭಯವೂ ಚಿಕ್ಕದಾಗಿಬಿಡುತ್ತದೆ. ನನ್ನ ಕೆಲಸದಲ್ಲಿ ನನಗೆ ಸಿಟ್ಟು ಬರಿಸುವುದು ಇದೊಂದೇ.

"ನಾವು ಪ್ಯಾಂಟಿಗೆ ಇಡೋ ಜೇಬಿನ ಬಾಯಿ ಇದಕಿಂತ ದೊಡ್ಡದು ಇರತೈತ್ರಿ," ಎಂದು ಹೊಲಿಗೆಯಮ್ಮ ನೋಡಲು ಬಂದವರಿಗೆಲ್ಲ ಮಂಡಿ ತೋರಿಸುತ್ತಿದ್ದರು.

ಮೊದಲ ದಿನವೇ ನಾನು ಖಡಾಖಂಡಿತವಾಗಿ ಹೇಳಿದ್ದೆ. ಮಷೀನಿನ ಮುಂದೆ ಕೂರಬಾರದು. ಕಾಲಿಗೆ ಎಣ್ಣೆ ಹಾಕಿ ತಿಕ್ಕಬಾರದು. ಆಸ್ಪತ್ರೆಯವರು ಕೊಟ್ಟ ಬಿಳಿ ಬಿಗಿ ಕಾಲುಚೀಲವನ್ನು ಹಗಲೆಲ್ಲ ಹಾಕಿಕೊಂಡಿರಬೇಕು, ಸ್ನಾನಕ್ಕೂ ಕಸರತ್ತಿಗೂ ಮಾತ್ರ ತೆಗೆಯಬೇಕು. ಕಿಟಕಿಯಲ್ಲಿದ್ದ ಎಣ್ಣೆಯ ಬಾಟಲನ್ನು ನಾನೇ ಎತ್ತಿ ಅಡುಗೆಮನೆಗೆ ಸಾಗಿಸಿದೆ.

"ನೀವು ಮಾತಾಡಿದ್ರ ಬೈದಂಗ ಇರತೈತ್ರಿ ಮೇಡಮ್ಮ," ಎಂದರು ಹೊಲಿಗೆಯಮ್ಮ. "ನಿಮ್ಮ ಮಡಕಶಿರಾ ಕಡಿ ಎಲ್ಲಾರೂ ಹಿಂಗನಾ?"

"ಬೈಯೋದೇ ಕಣಮ್ಮ. ಬೈದ್ರೇನೆ ನೀವು ಕೇಳೋದು."

"ಬೈರಿ. ಕಡೀಕ ಒಂದು 'ರಿ' ಹಚ್ಚಿ ಬೈರಿ, ನಾವೂ ತಡಕೋತೀವಿ."

ನನಗೆ ಅವರು ಅಂದೇ ಇಷ್ಟವಾದರು. ಅವರಿಗೂ ನನ್ನ ಜೊತೆ ಸಲಿಗೆ ಬೆಳೆಯಿತು, ಅದಕ್ಕೆ ಒಂದು ಕಾರಣವಿತ್ತು. ಮಡಕಶಿರಾ ಹತ್ತಿರದ ಹಳ್ಳಿಯಲ್ಲಿ ಅಣ್ಣ ಅತ್ತಿಗೆಯ ಜೊತೆಗಿರುವ ನನ್ನ ಅಮ್ಮನಿಗೂ ಸ್ವಲ್ಪ ಮುಂಚೆ ತುಮಕೂರಿನಲ್ಲಿ ಇದೇ ಆಪರೇಷನ್ ಆಗಿತ್ತು. ಮೊದಮೊದಲು ಊರಿಗೆ ಹೋಗಿ ನಾನೇ ಇದ್ದು ನೋಡಿಕೊಂಡೆ. ಆಮೇಲೆ ವಿಡಿಯೊ ಕಾಲ್. ಅತ್ತಿಗೆ ಫೋನನ್ನು ಮಂಡಿಯ ಎದುರು ಹಿಡಿಯುತ್ತಿದ್ದಳು, ಅಮ್ಮ ಮಡಚಿ ತೋರಿಸುತ್ತಿದ್ದಳು, ನಾನು ಭೇಷ್ ಎನ್ನುತ್ತಿದ್ದೆ. ಹೊಲಿಗೆಯಮ್ಮನಿಗೆ ಈ ಸುದ್ದಿಯೆಲ್ಲ ಬೇಕು. ದಿನಾ ನನ್ನನ್ನು ಕಂಡೊಡನೆ, "ನಮ್ಮ ಅಕ್ಕಾರು ಎಷ್ಟು ಮಡಚಿದ್ರಿ ಇವತ್ತು?" ಎಂದು ಕೇಳುತ್ತಿದ್ದರು. ಮುಖವನ್ನೇ ನೋಡದ ನನ್ನ ಅಮ್ಮನ ಜೊತೆ ಅವರಿಗೆ ಪೈಪೋಟಿ ಬಿದ್ದಿತ್ತು.

ಎರಡನೇ ವಾರದಲ್ಲಿ ಒಂದು ದಿನ ಅವರು ನನ್ನ ಕೈಗೆ ಒಂದು ಬಟ್ಟೆಯ ಕಟ್ಟು ಕೊಟ್ಟರು. ಮಾಲು ಕಳಿಸುವವರು ಗಂಟಿನ ಬಾಯಿಯನ್ನು ಹೊಲಿದುಬಿಡುತ್ತಾರಲ್ಲ, ಹಾಗೆ ನಾಲ್ಕೂ ಕಡೆ ಹೊಲಿದಿದ್ದರು.

"ನಿಮ್ಮ ಅಮ್ಮಾರಿಗೆ. ನೀವು ಬಿಚ್ಚಂಗಿಲ್ಲ."

"ಏನಿದು?"

"ಹೆಣ್ಮಕ್ಕಳ ಬಟ್ಟಿ ಇರತಾವು, ನಿಮಗ್ಯಾಕ?" ಎಂದು ಕಣ್ಣು ಮಿಟುಕಿಸಿದರು. ಮಷೀನಿನ ಮುಂದಿದ್ದ ಸೊಸೆ ತಲೆ ತಗ್ಗಿಸಿ ನಕ್ಕಳು. ನೈಟಿಯೋ ಲಂಗವೋ ಇರಬೇಕೆಂದು ನಾನು ಮಡಕಶಿರಾ ಕಡೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ, ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಂಡ. "ಬಲೇ ಚೆನ್ನಾಗಿ ಹೊಲ್ದವ್ರೆ ಕಣೆ, ಬೆಚ್ಚಗೈತೆ," ಎಂದಳು ಅಮ್ಮ ಫೋನಿನಲ್ಲಿ. ಅಲ್ಲಿಗೆ ಆ ವಿಷಯ ಮರೆತೆ.

ಹೊಲಿಗೆಯಮ್ಮನ ಮಂಡಿ ಮೊದಲ ವಾರಗಳಲ್ಲಿ ನಾನು ಅಂದುಕೊಂಡದ್ದಕ್ಕಿಂತ ಬೇಗ ಸುಧಾರಿಸಿತ್ತು. ಮಲಗಿಕೊಂಡು ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಹಿಂದಕ್ಕೆ ಎಳೆದುಕೊಳ್ಳುವುದು, ಮಂಡಿಯ ಕೆಳಗಿಟ್ಟ ಟವೆಲ್ಲಿನ ಸುರುಳಿಯನ್ನು ಒತ್ತುವುದು, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಈ ಕೊನೆಯದು ನೋಡಲು ಏನೂ ಅಲ್ಲ. ಆದರೆ ಮೀನಖಂಡದಲ್ಲಿ ನಿಲ್ಲುವ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಅದೇ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಮಂಡಿಯ ಪಕ್ಕಕ್ಕೆ ಹಿಡಿದರೆ ಅವರ ಯಜಮಾನರೂ ಕತ್ತರಿ ಕೆಳಗಿಟ್ಟು ಬಂದು ನೋಡುತ್ತಿದ್ದರು. ವಾಕರ್ ಬಿಟ್ಟು ಕೋಲು ಹಿಡಿದ ದಿನ ಅವರು ನನಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟರು.

ಆಮೇಲೆ ಕೋನ ನಿಂತಿತು. ಮರುದಿನವೂ ಅಷ್ಟೇ. ಅದರ ಮರುದಿನ ಹಿಂದಕ್ಕೆ ಬಂತು. ಮಂಡಿಯ ಕೆಳಗೆ ಕಾಲು ತುಂಬಿಕೊಂಡಿತ್ತು, ಪಾದದ ಮೇಲಿನ ಚರ್ಮ ಮಿರುಗುತ್ತಿತ್ತು. ಎಡಗಾಲಿನ ಕಾಲುಂಗುರ ಬೆರಳಿನೊಳಗೆ ಹೂತುಹೋದಂತೆ ಕಂಡಿತು.

"ಮಷೀನ್ ತುಳ್ದಿದ್ದೀರ ಅಲ್ವ?" ಎಂದೆ ಸಿಟ್ಟಿನಿಂದ.

"ಇಲ್ರೀ, ಆಣಿ ಮಾಡ್ತೀನಿ. ಕುಂತಲ್ಲೇ ಗುಂಡಿ ಹಚ್ಚೀನಷ್ಟ."

ನಾನು ನಂಬಲಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿ ಇಡಲು ಹೇಳಿ, ಐಸ್ ಇಡಿಸಿ ಬಂದೆ. ಆಪರೇಷನ್ ಆದ ಕಾಲು ಊದುವುದು ಹೊಸದಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡರೂ ಆ ಸಂಜೆಯೆಲ್ಲ ಏನೋ ಕಸಿವಿಸಿ. ಅಡುಗೆ ಮಾಡುವಾಗಲೂ ಆ ಹೂತ ಕಾಲುಂಗುರವೇ ಕಣ್ಣಿಗೆ ಬರುತ್ತಿತ್ತು.

ಮರುದಿನ ಕಸರತ್ತಿಗೆಂದು ಸೀರೆ ಸರಿಸಿದಾಗ ತೊಡೆಯ ಸುತ್ತ ಒಂದು ಕೆಂಪು ಪಟ್ಟಿ ಕಂಡಿತು. ಪಟ್ಟಿಯ ಮೇಲಂಚಿನಲ್ಲೂ ಕೆಳಂಚಿನಲ್ಲೂ ಒತ್ತೊತ್ತಾದ ಸಣ್ಣ ಚುಕ್ಕಿಗಳ ಸಾಲು. ಬೆರಳಿಟ್ಟು ನೋಡಿದೆ. ಚರ್ಮ ಅಲ್ಲಿ ತಗ್ಗಾಗಿತ್ತು.

"ಇದೇನಮ್ಮ ಗುರುತು?"

ಪಕ್ಕದಲ್ಲಿ ಓಡುತ್ತಿದ್ದ ಮಷೀನು ನಿಂತಿತು. ಹೊಲಿಗೆಯಮ್ಮ ಸೊಸೆಯ ಕಡೆ ಒಮ್ಮೆ ನೋಡಿ, "ಲಂಗ ಮಡಚಿ ಮ್ಯಾಲೆ ಸಿಗಸ್ಕೊಂಡಿರತೀನ್ರಿ. ಅದರದ ಇರಬೇಕು," ಎಂದರು.

"ಬಿಳಿ ಕಾಲುಚೀಲ ಎಲ್ಲಿ?"

"ತೊಳದು ಹಾಕೀವ್ರಿ."

ಹಿಂದಿನ ಸಲ ಕೇಳಿದಾಗಲೂ ತೊಳೆದು ಹಾಕಿದ್ದೇವೆ ಎಂದೇ ಹೇಳಿದ್ದರು. ನಮ್ಮ ಬಿಸಿಲು, ಬೆವರು, ದಿನಾ ತೊಳೆಯುವುದರಲ್ಲಿ ಆಶ್ಚರ್ಯವೇನಿಲ್ಲ. ಮಷೀನು ಮತ್ತೆ ಶುರುವಾಯಿತು. ಅದು ಮೊದಲಿಗಿಂತ ಜೋರಾಗಿ ಓಡುತ್ತಿದೆ ಎನ್ನಿಸಿತು.

ಅದಾದ ಮೇಲೆ ಒಂದು ಭಾನುವಾರ ಬಂತು, ನಾನು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಓಣಿಯ ತಿರುವಿನಲ್ಲೇ ನನಗೆ ಅಳುಕಾಯಿತು. ಆ ಮನೆಯ ಮಷೀನುಗಳ ಸದ್ದು ಅಷ್ಟು ದೂರಕ್ಕೂ ಕೇಳಬೇಕು, ಅಂದು ಕೇಳಿಸಲಿಲ್ಲ. ಬಾಗಿಲಲ್ಲಿ ಆ ಎಡಗಾಲಿನ ಚಪ್ಪಲಿ ಕಂಡಿತು. ಅದರ ಮೇಲೆ ಬೂದು ಧೂಳಿತ್ತು, ಪಕ್ಕದ ಬಲಗಾಲಿನದು ಶುಚಿಯಾಗಿತ್ತು. ದಿನಾ ಕಾಣುತ್ತಿದ್ದ ಚಪ್ಪಲಿಯನ್ನು ಅಂದು ಮೊದಲ ಸಲ ನೋಡಿದೆ.

ಹೊಲಿಗೆಯಮ್ಮ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಯಜಮಾನರು ಕಾಲ ಬಳಿ ಕೂತು ಅಂಗೈಯಲ್ಲಿ ಎಣ್ಣೆ ಸುರಿದುಕೊಳ್ಳುತ್ತಿದ್ದರು.

"ಮುಟ್ಟಬೇಡಿ!" ಎಂದು ನಾನು ಕೂಗಿದ ರೀತಿಗೆ ಅವರ ಕೈಯ ಎಣ್ಣೆ ಪಂಚೆಯ ಮೇಲೆ ಚೆಲ್ಲಿತು.

"ಸೆಳತ ಐತ್ರಿ ಮೇಡಂ, ರಾತ್ರಿಯೆಲ್ಲಾ ನಿದ್ದಿಲ್ಲ. ಹಗೂರಕ ತಿಕ್ಕಿದ್ರ ಬಾವು ಇಳೀತೈತಿ."

"ಇಳಿಯಲ್ಲ ಯಜಮಾನ್ರೇ. ಕೈ ತೆಗೀರಿ."

ಮೀನಖಂಡ ಬಿಸಿಯಾಗಿತ್ತು, ಕಲ್ಲಿನಂತೆ ಬಿಗಿದಿತ್ತು. ಎರಡೂ ಕಾಲಿನ ಸುತ್ತಳತೆ ತೆಗೆದೆ. ಟೇಪು ಆ ಮನೆಯಲ್ಲಿ ಕೈಗೆ ಸಿಗುವ ವಸ್ತು, ಸೊಸೆಯೇ ಕೊರಳಿಂದ ತೆಗೆದುಕೊಟ್ಟಳು. ಎಡಗಾಲು ಎಷ್ಟು ದಪ್ಪವಾಗಿತ್ತೆಂದು ಓದಿ ಹೇಳುವ ಅಗತ್ಯವೇ ಇರಲಿಲ್ಲ, ಟೇಪಿನ ಅಂಕಿಯನ್ನು ಮೂವರೂ ತಾವೇ ಓದಿಕೊಂಡರು. ಪಾದದ ಬಣ್ಣ ನೀಲಿಗೆ ತಿರುಗಿತ್ತು. ಹೊಲಿಗೆಯಮ್ಮ ಎಂದಿನಂತೆ, "ಅಕ್ಕಾರು ಎಷ್ಟು ಮಡಚಿದ್ರು…" ಎಂದು ಶುರುಮಾಡಿ ನಡುವೆ ನಿಂತು ಉಸಿರೆಳೆದುಕೊಂಡು, "…ಇವತ್ತು?" ಎಂದು ಮುಗಿಸಿದರು. ಆ ನಡುವಿನ ಉಸಿರು ಕೇಳಿ ನಾನು ಟೇಪು ಕೆಳಗಿಟ್ಟು ಫೋನ್ ತೆಗೆದೆ.

ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಅದು ಅಲ್ಲೇ ಇರುವಷ್ಟು ಹೊತ್ತು ಬಾವು, ನೋವು. ಒಂದು ತುಣುಕು ಕಿತ್ತು ಮೇಲಕ್ಕೆ ಹೋದರೆ ಅದು ಸೇರುವುದು ಶ್ವಾಸಕೋಶವನ್ನು. ಆಗ ಮಾಡುವುದಕ್ಕೆ ಹೆಚ್ಚು ಸಮಯ ಸಿಗುವುದಿಲ್ಲ. ತಿಕ್ಕುವುದು, ನಡೆಸುವುದು, ಮಡಚಿಸುವುದು, ಯಾವುದು ಅದನ್ನು ಕೀಳುತ್ತದೆಂದು ಯಾರೂ ಹೇಳಲಾರರು. ಆದರೆ ಹೆಪ್ಪು ಇದೆಯೆಂದು ಬರಿಗೈಯಿಂದ ಮುಟ್ಟಿ ಖಚಿತವಾಗಿ ಹೇಳುವುದೂ ಆಗದು. ನಾನು ವೈದ್ಯೆಯಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವರು ಎಲ್ಲ ಕೇಳಿಸಿಕೊಂಡು, ಈ ಹಂತದಲ್ಲಿ ಬಾವು ಸಹಜ, ಕಾಲು ಎತ್ತರಕ್ಕಿಡಿ, ತೋರಿಸಲು ಹೇಳಿದ ದಿನ ಕರೆತನ್ನಿ ಎಂದರು. ಡಾಕ್ಟರರು ಆಪರೇಷನ್ ಥಿಯೇಟರಿನಲ್ಲಿದ್ದರು. ಸ್ಪೀಕರಿನಲ್ಲಿ ಇದನ್ನು ಕೇಳಿದ ಯಜಮಾನರ ಮುಖ ಸಡಿಲವಾಯಿತು.

"ನೋಡ್ರಿ, ಅವರ ಹೇಳಿದ್ರಲ್ಲ. ಗುರುವಾರ ಹೆಂಗೂ ಹೋಗೋದೈತಿ. ಸುಮ್ನ ಈಗ ಯಾಕ ಹೆದರಸ್ತೀರಿ ಆಕಿನ್ನ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹೇಳಿದ್ದು ಸುಳ್ಳಾದರೆ ಇನ್ನು ಆ ಓಣಿಯಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ, ಬೆದರಿಸುವ ಮೇಡಂ ಎಂದು ಹೆಸರಾಗುತ್ತದೆ. ನಿಜವಾದರೆ ಗುರುವಾರದವರೆಗೆ ಈ ಹೆಂಗಸು ಇರುತ್ತಾರೋ ಇಲ್ಲವೋ. ಫೋನ್ ಹಿಡಿದು ನಿಂತೇ ಇದ್ದೆ. ಹೊಲಿಗೆಯಮ್ಮ ಮತ್ತೊಮ್ಮೆ ಉಸಿರೆಳೆದುಕೊಂಡರು.

"ಈಗಲೇ ಹೊರಡ್ಬೇಕು," ಎಂದೆ. "ಅಮ್ಮ ನಡೆಯೋ ಹಂಗಿಲ್ಲ. ಎತ್ಕೊಂಡು ಹೋಗ್ಬೇಕು. ಏನಾದ್ರೂ ನನ್ನ ತಲೆ ಮೇಲಿರ್ಲಿ."

ಆಂಬ್ಯುಲೆನ್ಸ್ ಕರೆದರೆ ಅದು ಮೊದಲು ಊರಿನ ಆಸ್ಪತ್ರೆಗೆ, ಅಲ್ಲಿಂದ ಅನಂತಪುರದ ಕಡೆಗೆ ಒಯ್ಯುತ್ತದೆ. ಆಪರೇಷನ್ ಮಾಡಿದವರೂ ಸ್ಕ್ಯಾನೂ ಆಂಧ್ರದ ಗಡಿಯಾಚೆ, ಕರ್ನಾಟಕದ ಬಳ್ಳಾರಿಯಲ್ಲಿ. ಮಗನ ವ್ಯಾನು ಮಾಲು ತುಂಬಿಕೊಂಡು ಮನೆಯ ಮುಂದೆಯೇ ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಪ್ಪ ಮಗ ಎತ್ತಿದರು, ಜೀನ್ಸ್ ಗಂಟುಗಳ ಮೇಲೆ ಹಾಸಿಗೆ ಹಾಸಿ ಮಲಗಿಸಿದೆವು. ನಾನು ಕಾಲ ಪಕ್ಕ ಕೂತೆ. ಸೊಸೆ ಒಂದು ಕೈಚೀಲವನ್ನು ಎದೆಗೆ ಅವುಚಿಕೊಂಡು ಎದುರಿಗೆ ಕೂತಳು.

ಡಿ. ಹಿರೇಹಾಳ್ ದಾಟಿದ ಮೇಲೆ ಅದಿರಿನ ಲಾರಿಗಳ ಸಾಲು ಸಿಕ್ಕಿತು. ಕೆಂಪು ಧೂಳು ಕಿಟಕಿಯೊಳಗೆ ಬಂದು ಹೊಲಿಗೆಯಮ್ಮನ ಹುಬ್ಬಿನ ಮೇಲೆ ಕೂತಿತು. ಮಗನಿಗೆ ಬೇಗ ಹೋಗು ಎನ್ನಬೇಕೋ, ಕುಲುಕಿಸಬೇಡ ಎನ್ನಬೇಕೋ ತಿಳಿಯದೆ ಎರಡನ್ನೂ ಹೇಳುತ್ತಿದ್ದೆ. ಓಬಳಾಪುರದ ಹತ್ತಿರ ಒಂದು ಉಬ್ಬಿನ ಮೇಲೆ ವ್ಯಾನು ಹಾರಿದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಕಾಲು ತೆಗೀತಾರೇನ್ರಿ?"

"ಕಾಲಿಗೇನೂ ಆಗಲ್ಲ ಕಣಮ್ಮ."

"ಮತ್ತ ನೀವ್ಯಾಕ ನನ್ನ ಮಾರಿ ನೋಡಾಕತ್ತೀರಿ, ಕಾಲು ನೋಡವಲ್ರಿ?"

ನಾನು ನೋಡುತ್ತಿದ್ದದ್ದು ಅವರ ತುಟಿಯ ಬಣ್ಣವನ್ನು.

ಸ್ಕ್ಯಾನ್ ಕೋಣೆಯಲ್ಲಿ ನನ್ನನ್ನೂ ಒಳಗೆ ಬಿಟ್ಟರು. ತೊಡೆಯ ಸಂದಿನಿಂದ ಕೆಳಕ್ಕೆ ಜೆಲ್ ಸವರಿ, ಯಂತ್ರದ ತುದಿಯಿಂದ ಅಲ್ಲಲ್ಲಿ ಒತ್ತುತ್ತ ಬಂದರು. ಆರೋಗ್ಯವಾದ ರಕ್ತನಾಳ ಒತ್ತಿದರೆ ಚಪ್ಪಟೆಯಾಗುತ್ತದೆ, ಪರದೆಯ ಮೇಲಿನ ಕಪ್ಪು ಉಂಗುರ ಕಣ್ಣು ಮುಚ್ಚಿದ ಹಾಗೆ ಮುಚ್ಚಿ ತೆರೆಯುತ್ತದೆ. ಮೇಲೆ ಎರಡು ಕಡೆ ಮುಚ್ಚಿತು. ತೊಡೆಯ ನಡುವಿಗೆ ಬಂದಾಗ ಮುಚ್ಚಲಿಲ್ಲ. ಡಾಕ್ಟರು ಮತ್ತೆ ಒತ್ತಿದರು. ಉಂಗುರ ತೆರೆದೇ ಇತ್ತು. ಮಂಡಿಯ ಹಿಂದೆ, ಮೀನಖಂಡದಲ್ಲಿ, ಎಲ್ಲೂ ಮುಚ್ಚಲಿಲ್ಲ. ಒಂದು ಚೂರು ಆಗಲೇ ಶ್ವಾಸಕೋಶ ಸೇರಿದೆ ಎಂದು ಎರಡನೇ ಸ್ಕ್ಯಾನಿನಲ್ಲಿ ಗೊತ್ತಾಯಿತು. ಕೂಡಲೇ ಇಂಜೆಕ್ಷನ್ ಶುರುಮಾಡಿ ಒಳಗೆ ಕರೆದೊಯ್ದರು. ಹೊಲಿಗೆಯಮ್ಮ ಉಳಿದರು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ.

ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ, ಕಾಲುಚೀಲ ಹಾಕುತ್ತಿದ್ದರೇ ಎಂದು. ಯಜಮಾನರು ಹೌದೆಂದರು. ಆಗ ಸೊಸೆ ಕೈಚೀಲದಿಂದ ಒಂದು ನೀಲಿ ಬಟ್ಟೆಯನ್ನು ತೆಗೆದಳು.

ಜೀನ್ಸ್ ಬಟ್ಟೆ, ಎಳೆದರೆ ಹಿಗ್ಗುವಂಥದು. ಒಂದೇ ಕಾಲಿನ ಪ್ಯಾಂಟಿನ ಹಾಗಿತ್ತು. ಹೊಲಿಗೆ ಅಚ್ಚುಕಟ್ಟಾಗಿತ್ತು, ಮಂಡಿಯ ಗಾಯಕ್ಕೆ ತಾಗದಿರಲೆಂದು ಒಳಗೆ ಮೆತ್ತನೆಯ ಅಸ್ತರು ಬೇರೆ. ಮೇಲೆ ತೊಡೆಯ ಸುತ್ತ ಅಗಲವಾದ ಇಲಾಸ್ಟಿಕ್ ಪಟ್ಟಿ, ಮೇಲೂ ಕೆಳಗೂ ಗಟ್ಟಿ ಹೊಲಿಗೆ. ನಾನು ಕಂಡ ಚುಕ್ಕಿಗಳು ಅವೇ.

"ಆಸ್ಪತ್ರೀದು ತೊಳದ ಮ್ಯಾಲೆ ಲಗೂನ ಒಣಗಲಿ ಅಂತ ಇಸ್ತ್ರಿ ಇಟ್ಟೆ," ಎಂದಳು. "ಕರಗಿ ಅಂಟಿಕೊಂಡ್ತು. ಮಾವ ಬೈತಾರಂತ ಅತ್ತಿ ಯಾರಿಗೂ ಹೇಳಬ್ಯಾಡ ಅಂದ್ರು. ಅದನ್ನ ನೋಡಿ ನಾನ ಹೊಲದೆ. ಮೇಡಂ ಬರೋದ್ರಾಗ ಬಿಚ್ಚಿ ಇಡತಿದ್ವಿ."

ಆ ಮನೆಯಲ್ಲಿ ಇಸ್ತ್ರಿ ಆಗದೆ ಯಾವ ಬಟ್ಟೆಯೂ ಹೊರಗೆ ಹೋಗುವುದಿಲ್ಲ. ಕಾಲುಚೀಲವೂ ಬಟ್ಟೆಯೇ ಅಲ್ಲವೇ. ಡಾಕ್ಟರು ಅದನ್ನು ತಿರುಗಿಸಿ ನೋಡಿ, ಮೇಲೆ ಯಾಕೆ ಇಷ್ಟು ಬಿಗಿ ಎಂದು ಕೇಳಿದರು.

"ಮ್ಯಾಲೆ ಬಿಗಿ ಇಲ್ಲಂದ್ರ ಜಾರತೈತಲ್ರಿ ಸಾರ್."

ಆಸ್ಪತ್ರೆಯ ಕಾಲುಚೀಲ ಪಾದದ ಹತ್ತಿರ ಬಿಗಿಯಾಗಿದ್ದು ಮೇಲೆ ಹೋದಂತೆ ಸಡಿಲವಾಗುತ್ತದೆ, ರಕ್ತ ಮೇಲಕ್ಕೆ ಹರಿಯಲಿ ಎಂದು. ಹುಟ್ಟಿದಾಗಿನಿಂದ ಪ್ಯಾಂಟು ನೋಡಿದವಳಿಗೆ ಬಿಗಿ ಇರಬೇಕಾದದ್ದು ಮೇಲಿನ ಪಟ್ಟಿಯಲ್ಲಿ. ಹೆಪ್ಪು ಇದರಿಂದಲೇ ಆಯಿತೆಂದು ತಾನು ಹೇಳುವುದಿಲ್ಲ, ಎಲ್ಲ ಸರಿಯಿದ್ದವರಿಗೂ ಆಗುವುದುಂಟು ಎಂದರು ಡಾಕ್ಟರು. ಆದರೆ ಇಂಥ ಕಟ್ಟು ಕಾಲಿಗೆ ಒಳ್ಳೆಯದಲ್ಲ ಎಂದು ಅದನ್ನು ಮಡಚಿ ಅವಳ ಕೈಗೇ ಕೊಟ್ಟರು. ಯಜಮಾನರು ಅವಳಿಗೆ ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ನಿಂತರು.

ಸೊಸೆ ನನ್ನ ಪಕ್ಕ ಬಂದು ಬೆಂಚಿನ ಮೇಲೆ ಕೂತಳು. ನಾನು ಅವಳ ಕೈ ಹಿಡಿದುಕೊಂಡೆ. ಅತ್ತೆಗೆ ಏನೂ ಆಗುವುದಿಲ್ಲ ಎಂದು ಹೇಳಿದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಇನ್ನೊಂದು ಹೊಲದಿದ್ದೆ ಮೇಡಂ," ಎಂದಳು.

"ಇನ್ನೊಂದು ಎಲ್ಲಿದೆ?"

"ನಿಮ್ಮ ಅಮ್ಮಾರಿಗೆ. ಅತ್ತಿ ಬಾಯಿ ಹೊಲದು ಕೊಟ್ರಲ್ರಿ."

ಫೋನನ್ನು ಹೇಗೆ ತೆಗೆದೆನೋ ಗೊತ್ತಿಲ್ಲ. ಅಮ್ಮ ಕೂಡಲೇ ಎತ್ತಿಕೊಂಡಳು, ದನಿ ಗೆಲುವಾಗಿತ್ತು.

"ಅಮ್ಮ, ರಾಯದುರ್ಗದಿಂದ ಕಳಿಸಿದ್ದು… ಕಾಲಿಗೆ ಹಾಕ್ಕಂತೀಯಾ?"

"ದಿನಾಲೂ ಹಾಕ್ಕಂತೀನಿ ಕಣೆ. ನೀನು ಫೋನಾಗೆ ನೋಡ್ವಾಗ ಮಾತ್ರ ಬಿಚ್ಚಿಡ್ತೀನಿ. ಬಲೇ ಬಿಗಿಯಾಗಿ ಹಿಡ್ಕಂತೈತೆ. ಎರಡು ದಿನದಿಂದ ಆ ಕಾಲ್ಗೆ ಚಪ್ಲಿನೇ ಹಿಡಿಸ್ತಿಲ್ಲ ನೋಡು."

"ಈಗಲೇ ಬಿಚ್ಚು. ಎದ್ದು ಓಡಾಡಬೇಡ. ಅಣ್ಣನಿಗೆ ಕೊಡು ಫೋನು."

"ಅಣ್ಣ ಊರಾಗಿಲ್ಲ, ಅಗಳಿಗೆ ಹೋಗವ್ನೆ. ಯಾಕೆ ಇಂಗೆ ಕಿರುಚ್ತೀಯ? ಕಾಲು ಸೆಳೀತೈತೆ ಅಂದೆ, ನಿಮ್ಮತ್ಗೆ ತಿಕ್ಕಕ್ಕೆ ಅಂತ ಎಣ್ಣೆ ಬಿಸಿ ಮಾಡ್ತಾವ್ಳೆ."

ನಾನು ಆಸ್ಪತ್ರೆಯ ನಡುವೆ ನಿಂತು ಅತ್ತಿಗೆಯನ್ನು ಕೂಗತೊಡಗಿದೆ.